ಮಳೆ ನಿಂತ ಮೇಲೆ ನಾವೆಲ್ಲಿ ಕೂರೋದು?

ಮಳೆಗಾಲ ಬಂದರೆ ನನಗೆ ಖುಷಿ. ಜುಲೈ ತಿಂಗಳ ಶಿವಮೊಗ್ಗದಲ್ಲಿ ಇಬ್ಬರು ಗಂಡಸರು ಒಂದೇ ಕೊಡೆಯಡಿ ಭುಜಕ್ಕೆ ಭುಜ ತಾಗಿಸಿಕೊಂಡು ನೆಹರೂ ರಸ್ತೆಯುದ್ದಕ್ಕೂ ನಡೆದರೂ ಯಾರೂ ತಿರುಗಿ ನೋಡಲ್ಲ. ನನ್ನ ಸಂಗಾತಿಯ ಎಡಭುಜ, ನನ್ನ ಬಲಭುಜ ಪೂರ್ತಿ ಒದ್ದೆ. ನಡುವೆ ತಾಗಿಕೊಂಡ ಎರಡು ಭುಜ ಮಾತ್ರ ಬೆಚ್ಚಗೆ. ಮಳೆ ನಿಂತಿತು ಅಂದ್ರೆ ಮತ್ತೆ ಎರಡು ಮಾರು ದೂರ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ನಮ್ಮನ್ನು, ಸಲಿಂಗ ಸಂಬಂಧವನ್ನೇ ಅಪರಾಧ ಅಂತಿದ್ದ ಐಪಿಸಿ 377ನೇ ಕಲಮಿನಿಂದ ಬಿಡಿಸಿತು. ಅವತ್ತು ಇಬ್ಬರೂ ಅತ್ತಿದ್ದೆವು. ಆದರೆ ಪಾರ್ಕಿನಲ್ಲಿ ಕೂತರೆ ‘ಯಾರ ಮನೆ ಹುಡುಗ್ರಪ್ಪ ನೀವು?’ ಅನ್ನೋ ಪ್ರಶ್ನೆಯಿಂದ ಯಾವ ಕೋರ್ಟೂ ಬಿಡಿಸಲ್ಲ.

‘ಇದೆಲ್ಲ ಬೆಂಗಳೂರಿನವರ ವಿಷಯ’ ಅಂತಾರೆ. ಬೆಂಗಳೂರಿಗೆ ಹೋದವರು ಎಲ್ಲಿಂದ ಹೋದರು? ಸಾಗರ, ತೀರ್ಥಹಳ್ಳಿ, ಹೊಸನಗರದಿಂದಲೂ ಅಲ್ವಾ? ಕಬ್ಬನ್ ಪಾರ್ಕಿನಲ್ಲಿ ಒಬ್ಬರಿಗೊಬ್ಬರು ಸಿಕ್ಕರು. 2008ರಲ್ಲಿ ‘ನಾವೂ ಇದ್ದೀವಿ’ ಅಂತ ಹೆಮ್ಮೆಯಿಂದ ತೋರಿಸೋ ಪ್ರೈಡ್ ಮೆರವಣಿಗೆ ಶುರು ಮಾಡಿ ನಡುರಸ್ತೆಯಲ್ಲಿ ನಡೆದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮ್ಮಂಥವರ ಕೇರಿಯಾದ ಕ್ಯಾಸ್ಟ್ರೋದಲ್ಲೂ ಹೀಗೇ. 1970ರ ದಶಕದಲ್ಲಿ ಊರು ಬಿಟ್ಟು ಬಂದವರು ಹಳೇ ಮನೆ ರಿಪೇರಿ ಮಾಡಿದರು, ಅಂಗಡಿ ಇಟ್ಟರು. ಅಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಸಲಿಂಗಿ ಹಾರ್ವೆ ಮಿಲ್ಕ್ 1977ರಲ್ಲಿ ನಗರಾಡಳಿತದ ಚುನಾವಣೆಯನ್ನೇ ಗೆದ್ದರು. ಆಮೇಲೆ ಬಾಡಿಗೆ ಏರಿತು, ಬಡವರು ಜಾಗ ಖಾಲಿ ಮಾಡಬೇಕಾಯಿತು. ಅದೂ ನಿಜ.

ನಮ್ಮೂರಲ್ಲಿ ಅಂಥ ಒಂದು ಕೇರಿ ಕಟ್ಟುವಷ್ಟು ಜನ ನಾವಿಲ್ಲ. ಎಲ್ಲರ ಜಾಗದಲ್ಲೇ ನಮಗೂ ಜಾಗ ಬೇಕು.

ಜೋಗತಿ ನೃತ್ಯದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಸ್ಟೇಟಸ್ ಹಾಕಿತು. ನನ್ನ ಗೆಳತಿಯೊಬ್ಬಳು ಟ್ರಾನ್ಸ್ ಹೆಣ್ಣುಮಗಳು. ಅವಳು ಬಾಡಿಗೆ ಮನೆ ಕೇಳಿದ್ದು ಆರು ಕಡೆ. ‘ಫ್ಯಾಮಿಲಿಗೆ ಮಾತ್ರ ಕೊಡೋದಮ್ಮ’ ಅಂತ ಆರೂ ಕಡೆ ಅಂದರು. ಚೌಡಿಕೆ ಹಿಡಿದು ಬಂದ ಜೋಗಪ್ಪನಿಗೆ ಅಂಗಳದಲ್ಲಿ ಅಕ್ಕಿ ಹಾಕಿ ಕೈ ಮುಗಿಯುವ ಜನ ನಾವು. ಹೊಸಿಲು ದಾಟಿಸೋಕೆ ಮಾತ್ರ ಮನಸ್ಸು ಬರಲ್ಲ. ನನಗೆ ಇದರ ಬಗ್ಗೆ ತುಂಬಾ ಸಿಟ್ಟಿದೆ.

ಒಂದು ಒಳ್ಳೆಯದೂ ಆಗಿದೆ, ಹೇಳಲೇಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ ಫ್ರೀ. ಗೆಳತಿ ಸಾಗರಕ್ಕೆ ಹೊರಟಿದ್ದಳು. ಕಂಡಕ್ಟರ್ ಗುರುತಿನ ಚೀಟಿ ನೋಡಿ, ‘ತಗೊಳಮ್ಮ’ ಅಂತ ಟಿಕೆಟ್ ಕೊಟ್ಟರಂತೆ. ಪಕ್ಕದಲ್ಲಿ ಕೂತ ಅಜ್ಜಿ ಎಲೆಯಡಿಕೆ ಚೀಲ ತೊಡೆ ಮೇಲೆ ಎಳೆದುಕೊಂಡು ಇವಳಿಗೆ ಸರಿಯಾಗಿ ಜಾಗ ಬಿಟ್ಟರಂತೆ. ಆ ಟಿಕೆಟ್ ಇನ್ನೂ ಅವಳ ಫೋನ್ ಕವರಿನೊಳಗಿದೆ, ಅಕ್ಷರ ಅಳಿಸಿಹೋಗಿದೆ.

ಪಾರ್ಕು, ನದಿ ದಂಡೆ ಚೆಂದ ಮಾಡುವವರಿಗೆ ನನ್ನದೊಂದು ಕೋರಿಕೆ. ಬೆಂಚು ಜಾಸ್ತಿ ಹಾಕಿ. ರಾತ್ರಿ ಒಂಬತ್ತರವರೆಗಾದರೂ ಗೇಟು ತೆಗೆದಿಡಿ. ಕೂತವರನ್ನು ಸುಮ್ನೆ ಕೂರೋಕೆ ಬಿಡಿ. ಅಕ್ಟೋಬರ್ ಬಂದರೆ ನಾವು ಕೊಡೆ ಮಡಚಲೇಬೇಕು.