ಒಂದೇ ಕ್ಲಿಕ್ ಅಂತೆ, ಒಂದೇ ಕ್ಲಿಕ್!

"ಮೈಗ್ರೇಷನ್ ಫ್ರೀ, ಒಂದೇ ಕ್ಲಿಕ್ ಸಾಕು" ಅಂತ ಜಾಹೀರಾತು ಕೊಡುವ ಹೋಸ್ಟಿಂಗ್‌ನವರನ್ನು ಒಂದು ರಾತ್ರಿ ನನ್ನ ಕುರ್ಚಿಯಲ್ಲಿ ಕೂರಿಸಬೇಕು. ಒಂದು ಸೈಟನ್ನು ಹಳೇ ಸರ್ವರ್‌ನಿಂದ ಇವರ ಸರ್ವರ್‌ಗೆ ಇವರದೇ ಟೂಲ್‌ನಿಂದ ಸಾಗಿಸಿದೆ, ಮೈಗ್ರೇಷನ್ ಅಂದರೆ ಅದೇ. ಫೈಲ್‌ಗಳೇನೋ ನೀಟಾಗಿ ಬಂದವು. ಸೈಟ್ ತೆರೆದರೆ ಒಂದೇ ಸಾಲು: "ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್". ಅಂದರೆ ಸೈಟ್‌ನ ಬರಹಗಳೆಲ್ಲ ಇರುವ ಡೇಟಾಬೇಸ್ ಸಿಗುತ್ತಿಲ್ಲ ಅಂತ.

ಸೈಟ್ ನಡೆಸುವ ಈ ವರ್ಡ್‌ಪ್ರೆಸ್ ಸಾಫ್ಟ್‌ವೇರ್ ಬೇರೆ. ಯೂಸರ್‌ನೇಮ್ ತಪ್ಪಾದರೂ ಇದೇ ಸಾಲು, ಪಾಸ್‌ವರ್ಡ್ ತಪ್ಪಾದರೂ ಇದೇ, ಡೇಟಾಬೇಸ್ ಸರ್ವರ್ ಮಲಗಿದ್ದರೂ ಇದೇ. ಕಾರಣ ಅದಕ್ಕೆ ಗೊತ್ತಿರುತ್ತದೆ ಸ್ವಾಮಿ. ಡೀಬಗ್ (ದೋಷದ ವಿವರ ತೋರಿಸುವ ಸೆಟ್ಟಿಂಗ್) ಆನ್ ಮಾಡಿದ ಮೇಲೇ ಬಾಯಿ ಬಿಡುವುದು.

ಸಪೋರ್ಟ್‌ಗೆ ಚಾಟ್ ಮಾಡಿದೆ. "ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಸರ್." ಅಲ್ಲಪ್ಪಾ, ಡೇಟಾಬೇಸೇ ಸಿಗುತ್ತಿಲ್ಲ, ನನ್ನ ಬ್ರೌಸರ್ ಏನು ಮಾಡೀತು? ಇನ್ನೊಬ್ಬರು ಬಂದು "ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ" ಅಂದು ಹೊರಟೇಹೋದರು.

ಡೀಬಗ್‌ನಲ್ಲಿ ಬಂದದ್ದು ಎರರ್ ನಂಬರ್ 2002, ಅಂದರೆ ಡೇಟಾಬೇಸ್ ಸರ್ವರ್‌ಗೆ ಸಂಪರ್ಕವೇ ಸಿಗುತ್ತಿಲ್ಲ. ಸೈಟ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್‌ನಲ್ಲಿ ಡೇಟಾಬೇಸ್ ವಿಳಾಸ 'ಲೋಕಲ್‌ಹೋಸ್ಟ್' (ಇದೇ ಮಷೀನ್) ಅಂತ ಇದ್ದರೆ, ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿ ಅದೇ ಮಷೀನ್‌ನಲ್ಲಿ ಸಾಕೆಟ್ ಫೈಲ್, ಅಂದರೆ ಡೇಟಾಬೇಸ್‌ಗೆ ಹೋಗುವ ಬಾಗಿಲು, ಹುಡುಕುತ್ತದೆ. ಇವರ ಡೇಟಾಬೇಸ್ ಇರುವುದೇ ಬೇರೆ ಮಷೀನ್‌ನಲ್ಲಿ! ಆ ವಿಳಾಸ ಅವರ ವೆಲ್‌ಕಮ್ ಮೇಲ್‌ನಲ್ಲಿ ಎಲ್ಲೂ ಇಲ್ಲ. ಆಫರ್‌ಗಳು ಮಾತ್ರ ಬೇಕಾದಷ್ಟಿವೆ. ಕಾಡಿ ಬೇಡಿ ವಿಳಾಸ ತಗೊಂಡು ಹಾಕಿದರೆ 1045, ಆಕ್ಸೆಸ್ ಡಿನೈಡ್. ಇವರ ಪ್ಯಾನೆಲ್ (ಹೋಸ್ಟಿಂಗ್ ಅಕೌಂಟ್ ನಿರ್ವಹಿಸುವ ಪುಟ) ಪ್ರತಿ ಡೇಟಾಬೇಸ್ ಯೂಸರ್‌ನೇಮ್ ಮುಂದೆ ಅಕೌಂಟ್ ಹೆಸರು, ಒಂದು ಅಂಡರ್‌ಸ್ಕೋರ್ ಅಂಟಿಸುತ್ತದೆ. ಅವರದ್ದೇ ಟೂಲ್ ಕಾನ್ಫಿಗ್‌ನಲ್ಲಿ ಹಳೇ ಹೆಸರನ್ನೇ ಬಿಟ್ಟಿದೆ. ತಮ್ಮ ಪ್ಯಾನೆಲ್ ಏನು ಮಾಡುತ್ತದೆ ಅಂತ ತಮ್ಮ ಟೂಲ್‌ಗೇ ಗೊತ್ತಿಲ್ಲ ಅಂದರೆ ಏನು ಹೇಳೋಣ?

ಅದನ್ನೂ ಸರಿ ಮಾಡಿದೆ. ಸೈಟ್ ತೆರೆಯಿತು. ಅಡುಗೆ ಸೈಟ್ ಅದು, ಎಲ್ಲ ಕನ್ನಡದಲ್ಲೇ. 'ಹುರುಳಿ ಸಾರು' ಇರಬೇಕಾದ ಜಾಗದಲ್ಲಿ '?????? ????'. ಒಂದೊಂದು ಉಕಾರಕ್ಕೂ, ಗುಡಿಸಿಗೂ ಪ್ರತ್ಯೇಕ ಪ್ರಶ್ನೆ ಚಿಹ್ನೆ! ಆ ಪುಣ್ಯಾತ್ಮ ಟೂಲ್ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆದಿರುವುದು ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್‌1 ಎನ್‌ಕೋಡಿಂಗ್‌ನಲ್ಲಿ. ಒಮ್ಮೆ ಪ್ರಶ್ನೆ ಚಿಹ್ನೆ ಆದ ಅಕ್ಷರ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಇಂಗ್ಲಿಷ್ ಸೈಟ್ ಒಂದನ್ನು ಓಡಿಸಿ ನೋಡಿ "ಟೆಸ್ಟಿಂಗ್ ಆಯ್ತು" ಅಂದಿರುತ್ತಾರೆ, ಇನ್ನೇನು. ಕನ್ನಡ, ತಮಿಳು, ಹಿಂದಿ ಸೈಟ್ ಇಟ್ಟವರು ದುಡ್ಡು ಕೊಡುವುದಿಲ್ವಾ?

ಪುಣ್ಯಕ್ಕೆ ಹಳೇ ಸರ್ವರ್ ಇನ್ನೂ ಇದೆ. ಕನ್ನಡವೂ ಹಿಡಿಸುವ ಯುಟಿಎಫ್‌8ಎಂಬಿ4 ಎನ್‌ಕೋಡಿಂಗ್ ಅಂತ ನಾನೇ ಹೇಳಿ ಮತ್ತೆ ಡಂಪ್ ತೆಗೆಯುತ್ತಿದ್ದೇನೆ. ಅತ್ತ ಅವರು ನನ್ನ ಟಿಕೆಟ್ ಮುಚ್ಚಿ, ಐದು ಸ್ಟಾರ್ ಕೊಡಿ ಅಂತ ಮೇಲ್ ಹಾಕಿದ್ದಾರೆ. ಕೊಡ್ತೀನಿ ಇರಿ!