ರೆಗ್ಯುಲೇಟರ್

2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ರೇಶನ್ ಕಾರ್ಡಿನ ಮಟ್ಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಈ ಸಂಗತಿ ನಮ್ಮ ಅತ್ತೆಗೆ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಬೆಡ್‌ರೂಮಿಗೆ ಪಡುವಣ ಬಿಸಿಲು. ಹಾಗಾಗಿ ಮೇ ತಿಂಗಳ ಸೆಕೆಯಲ್ಲಿ ಮೂವರೂ ಹಾಲ್‌ನ ಒಂದೇ ಫ್ಯಾನಿನಡಿ ಮಲಗುವುದು. ಇವರಿಗೆ ಅದು ಐದರಲ್ಲಿರಬೇಕು. ಅತ್ತೆ ಧಾರವಾಡದವರು, ಅವರಿಗೆ ಎರಡೇ ಹೆಚ್ಚು. ಹಾಗಂತ ಬಾಯಿಬಿಟ್ಟು ಹೇಳಿದವರಲ್ಲ. ಕೌದಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಗೋಡೆಯತ್ತ ಹೊರಳುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಒಂದು ಕೆಮ್ಮು. ಒಂದೇ.

"ಯಾಕವ್ವಾ, ಥಂಡಿ ಆಗ್ತದೇನು?"

"ನನಗೇನಾಗೇದ, ನೀ ಮಕ್ಕೋಪಾ."

ಇವರು ಎದ್ದು ಎರಡಕ್ಕೆ ತಿರುಗಿಸುತ್ತಿದ್ದರು. ಆಫೀಸಿನಲ್ಲಿ ಹನ್ನೆರಡು ಜನರನ್ನು ಆಳುವ ಮನುಷ್ಯ!

ನನ್ನ ಆಳ್ವಿಕೆ ಶುರುವಾಗುತ್ತಿದ್ದದ್ದು ಆಮೇಲೆ. ಇಬ್ಬರ ಗೊರಕೆಯೂ ಒಂದು ಲಯಕ್ಕೆ ಬಂದ ಮೇಲೆ ಕತ್ತಲಲ್ಲೇ ಎದ್ದು ಮೂರಕ್ಕೆ ತರುತ್ತಿದ್ದೆ. ನಮ್ಮದು ಹಳೇ ಕಾಲದ ಡಬ್ಬಿಯಂಥ ರೆಗ್ಯುಲೇಟರ್, ತಿರುಗಿಸಿದರೆ 'ಟಕ್' ಅನ್ನುತ್ತಿತ್ತು. ಆ ಟಕ್ಕನ್ನು ಅಂಗೈಯಲ್ಲಿ ಅದುಮುವ ವಿದ್ಯೆ ಕಲಿಯಲು ಎರಡು ಬೇಸಗೆ ಹಿಡಿಯಿತು. ಡಬ್ಬಿ ಯಾವಾಗಲೂ ಬೆಚ್ಚಗೆ. ಒಳಗಿರುವುದು ತಂತಿಯ ಸುರುಳಿ. ಫ್ಯಾನನ್ನು ನಿಧಾನ ಮಾಡಲು ಅದು ತಡೆದ ಕರೆಂಟು ಉಳಿಯುವುದಿಲ್ಲ, ಅಲ್ಲೇ ಕಾವಾಗಿ ಹೋಗುತ್ತದೆ. ಬಿಲ್ಲು ಅಂಥಾದ್ದೇನೂ ಇಳಿಯುವುದಿಲ್ಲ. ರಾತ್ರಿ ಎರಡು ಗಂಟೆಗೆ ಅದರ ಮೇಲೆ ಕೈಯಿಟ್ಟು ನಿಂತರೆ ತೀರಾ ಪರಿಚಯದ ಯಾರದೋ ಹಣೆ ಮುಟ್ಟಿದಂತಾಗುತ್ತಿತ್ತು.

ಬೆಳಗಿನ ಲೋಕಲ್‌ನಲ್ಲಿ ರಾಜಕೀಯ ಇಷ್ಟು ನಾಜೂಕಲ್ಲ. ಲೇಡೀಸ್ ಡಬ್ಬದ ಫ್ಯಾನು ನಿಂತಿದ್ದರೆ ಯಾರಾದರೂ ಪರ್ಸಿನಿಂದ ಬಾಚಣಿಗೆ ತೆಗೆದು, ಜಾಲರಿಯೊಳಗೆ ತೂರಿಸಿ ರೆಕ್ಕೆಯನ್ನು ದೂಡುತ್ತಾರೆ. ಅದು ಹೊರಟಿತೋ, ದಾದರ್‌ವರೆಗೆ ಆಕೆಗೆ ಮರ್ಯಾದೆ. ಮೂವರ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅಂಟಿಕೊಂಡಿದ್ದರೂ ಅರ್ಧ ಗೇಣು ಜಾಗ ಹೆಚ್ಚು ಸಿಗುತ್ತದೆ. ನಾನೂ ಒಂದು ಬಾಚಣಿಗೆ ಇಟ್ಟುಕೊಂಡಿದ್ದೇನೆ, ತಲೆಗಲ್ಲ.

ಹೋದ ಅಕ್ಟೋಬರ್ ಸೆಕೆಗೆ ಇವರು ರಿಮೋಟಿನ ಬಿಎಲ್‌ಡಿಸಿ ಫ್ಯಾನು ತಂದರು. ಹಳೆಯದು 75 ವ್ಯಾಟ್ ತಿನ್ನುತ್ತಿತ್ತು, ಇದಕ್ಕೆ 30ರ ಆಸುಪಾಸು ಸಾಕು. ಇಂಥ ಫ್ಯಾನಿಗೆ ರೆಗ್ಯುಲೇಟರ್ ಕೂಡದಂತೆ. ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ, ಆ ಜಾಗಕ್ಕೊಂದು ಬಿಳಿ ಪ್ಲೇಟು ಕೂರಿಸಿ ಹೋದ. ನನ್ನ ಎರಡು ಬೇಸಗೆಯ ವಿದ್ಯೆ ಅಲ್ಲಿಗೆ ಮುಗಿಯಿತು.

ಮೊದಲ ರಾತ್ರಿ ರಿಮೋಟು ಇವರ ದಿಂಬಿನಡಿ ಇತ್ತು. ಮರುದಿನ ನನ್ನದರಡಿ, ಹೇಗೆ ಬಂತೆಂದು ಕೇಳಬಾರದು. ಮೂರನೆಯ ರಾತ್ರಿ ಫ್ಯಾನು ಎರಡು ಬಿಟ್ಟು ಕದಲಲಿಲ್ಲ. ಇವರು ಒತ್ತಿ ಒತ್ತಿ ಸೋತು, ಹಿಂದಿನ ಮುಚ್ಚಳ ತೆಗೆದು ನೋಡಿದರೆ ಸೆಲ್ಲುಗಳೇ ಇಲ್ಲ.

"ರಾತ್ರಿ ಬಚ್ಚಲಕ್ಕ ಹೋಗಬೇಕಾದ್ರ ಕಾಣಬೇಕಲ್ಲಪಾ" ಎಂದರು ಅತ್ತೆ, ಎದ್ದು ತಮ್ಮ ಪುಟ್ಟ ಟಾರ್ಚು ಹಚ್ಚಿ. ಹೋಗುವ ಮುಂಚೆ ಒಮ್ಮೆ ಫ್ಯಾನಿನ ಮೇಲೂ ಬೆಳಕು ಬಿಟ್ಟು ನೋಡಿಕೊಂಡರು.