ಡಿಸಿಪ್ಲಿನಾ ದೇವಿಯ ಪವಾಡಗಳು

ಬಾಗಿಲ ಬಿಜಾಗರಿಗೂ ಒಬ್ಬ ದೇವತೆಯನ್ನು ಗೊತ್ತುಮಾಡಿದ್ದ ರೋಮನ್ನರು ಶಿಸ್ತನ್ನು ಅನಾಥವಾಗಿ ಬಿಟ್ಟಾರೆಯೇ? ಅದಕ್ಕೂ ಡಿಸಿಪ್ಲಿನಾ ಎಂಬ ದೇವಿಯಿದ್ದಳು. ಬ್ರಿಟನ್ನಿನ ಉತ್ತರದಲ್ಲಿ ಹೇಡ್ರಿಯನ್ ಚಕ್ರವರ್ತಿ ಕ್ರಿ.ಶ. 122ರ ಹೊತ್ತಿಗೆ ಕಟ್ಟಿಸತೊಡಗಿದ ಗೋಡೆಯ ಆಸುಪಾಸಿನಲ್ಲಿ ಸೈನಿಕರು ಅವಳ ಹೆಸರಿನ ಬಲಿಪೀಠಗಳನ್ನು ನಿಲ್ಲಿಸಿದ್ದರು. ಚೆಸ್ಟರ್ಸ್ ಕೋಟೆಯ ಕುದುರೆ ಪಡೆ ಕೆತ್ತಿಸಿದ ಕಲ್ಲಿನ ಒಕ್ಕಣೆ ಬಹಳ ಜಾಣತನದ್ದು: ಅದು ‘ಹೇಡ್ರಿಯನ್ ಚಕ್ರವರ್ತಿಯ ಡಿಸಿಪ್ಲಿನಾ’ಳಿಗೆ ಅರ್ಪಣೆ. ಒಂದೇ ಕಲ್ಲಿನಲ್ಲಿ ದೇವಿಯೂ ಸಂತುಷ್ಟಳು, ಒಡೆಯನೂ ಸಂತುಷ್ಟ. ಆ ಚಳಿಮಳೆಯಲ್ಲಿ ಕಾವಲು ನಿಂತವರು ಏನೆಂದು ಹರಕೆ ಹೊತ್ತರೋ! ತಮಗೆ ಶಿಸ್ತು ಹೆಚ್ಚಲಿ ಎಂದಂತೂ ಇರಲಾರದು. ಮೇಲಿನವರಿಗೆ ತುಸು ಕಡಿಮೆಯಾಗಲಿ ಎಂದಿದ್ದೀತು.

ಹುಟ್ಟಿದಾಗ ಈ ಪದಕ್ಕೆ ಇಷ್ಟು ಬಿಗುಮಾನವಿರಲಿಲ್ಲ. ಲ್ಯಾಟಿನ್ನಿನಲ್ಲಿ ಕಲಿಯುವವನು ಡಿಸಿಪುಲುಸ್, ಅವನು ಕಲಿಯುವುದು ಡಿಸಿಪ್ಲಿನಾ. ವಿದ್ಯೆ ಯಾವುದಾದರೂ ಸರಿ. ವಾರೋ ಎಂಬ ಪಂಡಿತ ವ್ಯಾಕರಣದಿಂದ ವೈದ್ಯ, ವಾಸ್ತುವಿನವರೆಗೆ ಬರೆದ ಒಂಬತ್ತು ಸಂಪುಟಗಳಿಗೂ ಇದೇ ಹೆಸರು. ಕುರಿ ಕಡಿದು ಅದರ ಯಕೃತ್ತು ನೋಡಿ ದೈವಚಿತ್ತ ತಿಳಿಸುವ, ರೋಮನ್ನರ ನೆರೆಯವರಾದ ಎಟ್ರುಸ್ಕನ್ನರ ಕಣಿವಿದ್ಯೆಯೂ ಡಿಸಿಪ್ಲಿನಾ ಎನಿಸಿಕೊಂಡಿತ್ತು. 1877ರಲ್ಲಿ ಇಟಲಿಯ ಪಿಯಾಚೆಂಜಾ ಬಳಿಯ ಹೊಲದಲ್ಲಿ ಅಂಥದೊಂದು ಕಂಚಿನ ಯಕೃತ್ತು ಸಿಕ್ಕಿತು. ಮೈತುಂಬ ಗೆರೆ ಎಳೆದು, ಮನೆಮನೆಯಾಗಿ ಭಾಗಮಾಡಿ, ಮನೆಗಳಲ್ಲಿ ದೇವರುಗಳ ಹೆಸರು ಬರೆದಿದೆ; ಜಾತಕದ ಕುಂಡಲಿ ಕಂಡವರಿಗೆ ಪರಿಚಿತವೆನಿಸೀತು. ಒಬ್ಬ ಕಣಿಯವನು ಇನ್ನೊಬ್ಬ ಕಣಿಯವನನ್ನು ಎದುರಿಗೆ ಕಂಡಾಗ ನಗು ಹೇಗೆ ತಡೆದುಕೊಳ್ಳುತ್ತಾನೋ ಎಂದು ರೋಮಿನ ಮುತ್ಸದ್ದಿ ಕೇಟೋ ಬೆರಗಾಗಿದ್ದನಂತೆ.

ಶಾಲೆಯಲ್ಲಿ ವಿದ್ಯೆಯ ಜೊತೆಗೆ ಏಟೂ ಇತ್ತು. ಕವಿ ಹೊರೇಸ್ ತನ್ನ ಮೇಷ್ಟರು ಓರ್ಬಿಲಿಯುಸ್‌ರನ್ನು ಏಟಿನ ಮೇಷ್ಟರೆಂದೇ ನೆನೆದು, ಅವರ ಹೆಸರು ಎರಡು ಸಾವಿರ ವರ್ಷ ಉಳಿಯುವ ಹಾಗೆ ಮಾಡಿದ. ಇದಕ್ಕಿಂತ ದೊಡ್ಡ ಗುರುದಕ್ಷಿಣೆ ಯಾರು ಕೊಟ್ಟಾರು?

ಕ್ರೈಸ್ತ ಸನ್ಯಾಸಿಗಳ ಮಠ ಸೇರಿದ ಮೇಲೆ ಪದ ಕೈಯಲ್ಲಿ ಹಿಡಿಯುವ ವಸ್ತುವೇ ಆಯಿತು. ಅಲ್ಲಿ ಡಿಸಿಪ್ಲಿನಾ ಎಂದರೆ ತನ್ನ ಬೆನ್ನಿಗೆ ತಾನೇ ಬಾರಿಸಿಕೊಳ್ಳುವ ಚಾಟಿ. 11ನೆಯ ಶತಮಾನದಲ್ಲಿ ಪೀಟರ್ ಡೇಮಿಯನ್ ಎಂಬ ಸನ್ಯಾಸಿ ಈ ಪದ್ಧತಿಯ ಪರವಾಗಿ ಗಟ್ಟಿಯಾಗಿ ವಾದಿಸಿದ. ಅವನ ಲೆಕ್ಕ ಶ್ಯಾನುಭೋಗರೂ ಮೆಚ್ಚುವಂಥದ್ದು: ಬೈಬಲಿನ ಹತ್ತು ಕೀರ್ತನೆ ಹೇಳಿ ಮುಗಿಸುವಷ್ಟರಲ್ಲಿ 1,000 ಏಟು, 3,000 ಏಟಿಗೆ ಒಂದು ವರ್ಷದ ಪ್ರಾಯಶ್ಚಿತ್ತ ಜಮಾ. ಅವನ ಶಿಷ್ಯ ಡೊಮಿನಿಕ್ ಆರು ದಿನಗಳಲ್ಲಿ ನೂರು ವರ್ಷದ ಬಾಕಿ ಚುಕ್ತಾ ಮಾಡುತ್ತಿದ್ದನಂತೆ. ಅಂದರೆ 3 ಲಕ್ಷ ಏಟು. ಒಂದು ಕೈ ಸಾಲದೆ, ಎರಡೂ ಕೈಗಳಿಂದ.